ನೊಣದ ಮಾಸ್ತರ

ಯುಗಾದಿ ದಾಟಿತೆಂದರೆ ವಿಜಯಪುರದ ಮಂದಿ ಟಾವೆಲ್ಲು, ಮಜ್ಜಿಗೆ, ನೆರಳು ಹುಡುಕುತ್ತಾರೆ. ನಮ್ಮ ಮಾಸ್ತರ ಗಾಳ ಹುಡುಕುತ್ತಿದ್ದ. ಅದೂ ಎರೆಹುಳವನ್ನೋ ಜೋಳದ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸುವ ಸಾದಾ ಗಾಳವಲ್ಲ. ವಿಲಾಯತಿ ಸಾಹೇಬರಂತೆ ಹುಸಿನೊಣ ಕಟ್ಟಿದ ಗಾಳ. ನೊಣದ ರೆಕ್ಕೆಗೆ ಹುಂಜದ ಗರಿ, ಸುತ್ತಲು ಹೆಂಡತಿಯ ಇಳಕಲ್ ಸೀರೆ ಸೆರಗಿನ ಕೆಂಪು ಎಳೆ. ಮೀನು ಮರುಳಾದವೋ ಇಲ್ಲವೋ, ಸೆರಗಿನ ಲೆಕ್ಕ ಹೊರಬಿದ್ದ ರಾತ್ರಿ ಮಾಸ್ತರ ನಮ್ಮ ಮನೆಯಲ್ಲೇ ಉಂಡ.

ಇಷ್ಟೆಲ್ಲ ಸಿಂಗಾರ ಯಾವ ಹೊಳೆಗೆ? ನಮ್ಮ ಡೋಣಿಗೆ! ಜತ್ತ ಕಡೆ ಹುಟ್ಟಿ, ತಿಕೋಟಾ ಸೀಮೆ ಹಾಯ್ದು, ಸಾರವಾಡದ ಹೊಲಗಳಲ್ಲಿ ಹೂಳು ತುಂಬಿಕೊಂಡು, ಮಳೆಗಾಲಕ್ಕೆ ತಾಳಿಕೋಟೆಯ ಸೇತುವೆ ಮುಳುಗಿಸಿ ಪೇಪರಿನಲ್ಲಿ ಫೋಟೋ ಹಾಕಿಸಿಕೊಳ್ಳುವ ಡೋಣಿಗೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಅಂದರು ಹಿರಿಯರು. ಓಣಿಯೆಲ್ಲ ಮೀನು ಅಂದವರು ಯಾರೂ ಇಲ್ಲ. ಏಪ್ರಿಲ್ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಸವಳು ಮಡು, ದಂಡೆಯ ಎರೆಮಣ್ಣಿನ ಮೇಲೆ ಬಿಳಿ ಉಪ್ಪು. ಎಮ್ಮೆಯೂ ಮೂತಿ ಇಡುವ ಮೊದಲು ವಿಚಾರ ಮಾಡುವ ನೀರು.

"ನಸುಕಿನ್ಯಾಗ ಬಾ. ಇರುಳು ಕಳದರ ನೀರಾಗ ಗಾಳಿ ಕಮ್ಮಿ ಆಗಿರ್ತೈತಿ, ಮೀನ ಬಾಯಿ ತಕ್ಕೊಂಡು ಮ್ಯಾಲ ಬರ್ತಾವ" ಅನ್ನುತ್ತಿದ್ದ. ಮಾತು ಖರೆ. ಆದರೆ ಮೀನು ಬಾಯಿ ತೆರೆಯುವ ಹೊತ್ತಿಗೇ ಮಾಸ್ತರನೂ ಬಾಯಿ ತೆರೆಯುತ್ತಿದ್ದ. ಅವು ವಾಪಸು ತಳಕ್ಕೆ. ಮೇಲಾಗಿ ನೊಣದ ಗಾಳವನ್ನು ಹಿಂದಕ್ಕೆ ಬೀಸಿ ಮುಂದಕ್ಕೆ ಎಸೆಯಬೇಕು. ಹಿಂದೆ ಬರೀ ಜಾಲಿ ಕಂಟಿ. ಒಮ್ಮೆ ಕುರಿ ಕಾಯುವ ಹಿರಿಯರೊಬ್ಬರ ಕಂಬಳಿಯನ್ನೇ ಎಳೆದ. ತೂಕದ ಲೆಕ್ಕದಲ್ಲಿ ಡೋಣಿಯ ದಂಡೆಯಲ್ಲಿ ಅವನ ದೊಡ್ಡ ಬೇಟೆ ಅದೇ.

ಡೋಣಿ ಬೇಸರವಾದರೆ ಬಬಲೇಶ್ವರದ ದಾರಿ ಹಿಡಿದು ಕೃಷ್ಣೆಗೆ. ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ರೊಕ್ಕ ಕೂಡಿಸಿ, ಮೈಮುರಿದು ಕಟ್ಟಿದ ಬ್ಯಾರೇಜಿನ ಹಿಂದೆ ಬೇಸಿಗೆಯಲ್ಲೂ ನೀರು. ಅದೂ ಇಳಿದ ಮೇಲೆ ಎಲ್ಲರ ಕಣ್ಣು ಮೇಲಿನ ಕೊಯ್ನಾ ಅಣೆಕಟ್ಟಿನ ಕಡೆಗೆ. ಆ ಬ್ಯಾರೇಜಿನ ಹಿನ್ನೀರಿನಲ್ಲಿ ಮಾಸ್ತರನಿಗೆ ಒಂದು ಕಾಟ್ಲಾ ಮೀನು ಬಿತ್ತು. ನಾನು ಕಂಡಿದ್ದು ಗೇಣುದ್ದ. ಗೋಳಗುಮ್ಮಟದಲ್ಲಿ ಕೂಗಿದ ಮಾತು ಮರಳಿದಷ್ಟೂ ಸಣ್ಣದಾಗುತ್ತದೆ. ಮಾಸ್ತರನ ಕಾಟ್ಲಾ ಮರಳಿದಷ್ಟೂ ದಪ್ಪವಾಯಿತು. ಕೊನೆಗೆ ಅದನ್ನು ಟಂಟಂನಲ್ಲಿ ಹೇರಿಕೊಂಡು ಬಂದೆವಂತೆ. ಡ್ರೈವರ್ ನಾನೇ ಅಂತೆ!

ಅದೇ ಗುಮ್ಮಟದ ಕೆಳಗೆ ಮಲಗಿರುವ ಮಹಮ್ಮದ ಆದಿಲ್‌ಶಾಹ ಕಟ್ಟಿಸಿದ್ದು ಮಮದಾಪುರದ ಕೆರೆ. ನಮ್ಮ ಕಾಲದಲ್ಲಿ ಬೇಸಿಗೆಗೆ ಅಲ್ಲಿ ಹುಡುಗರ ಕ್ರಿಕೆಟ್. ಈಗ ಏತ ನೀರಾವರಿಯ ಕೃಷ್ಣೆ ಬಂದು ಈ ಭಾಗದ ಕೆರೆಗಳು ತುಂಬಿವೆ. ಬರಗಾಲದ ಹೊಳೆಯಲ್ಲಿ ಗಾಳ ಬೀಸಿ ಬೀಸಿ ದಣಿದವ, ನೀರು ಬರುವ ಹೊತ್ತಿಗೆ ಎದ್ದು ನಡೆದ. ಎಂದೂ ಟೈಮಿಗೆ ಬಂದ ಮನುಷ್ಯನಲ್ಲ ಬಿಡಿ. ಹೋಗುವುದಕ್ಕೆ ಮಾತ್ರ ಏನು ಅವಸರವಿತ್ತೋ.

ಮೊನ್ನೆ ಅವನ ನೊಣಗಳ ತಂಬಾಕು ಡಬ್ಬಿ ಹಿಡಿದು ಅಂಥದೊಂದು ಕೆರೆಯ ದಂಡೆಗೆ ಹೋಗಿದ್ದೆ. ಕಾವಲುಗಾರ ಓಡಿ ಬಂದ. "ಯಜಮಾನ್ರ, ಕೆರಿ ಹರಾಜ ಆಗೈತಿ. ಮೀನ ಹಿಡಿಯಂಗಿಲ್ಲ." ಡಬ್ಬಿ ತೆರೆದು ತೋರಿಸಿದೆ. ಒಂದು ನೊಣ ಎತ್ತಿ, ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ.

"ಇದರಾಗ ಹಿಡಿಯಾವ್ರೇನ್ರೀ? ಹಂಗಾರ ಕುಂದರ್ರಿ, ಏನೂ ಅಡ್ಡಿ ಇಲ್ಲ."

ಮಾಸ್ತರ ಇದ್ದಿದ್ದರೆ ಆ ಮಾತಿಗೇ ಜಗಳ ತೆಗೆಯುತ್ತಿದ್ದ. ನಾನು ಕುಂತೆ.