ಬಾಯಿ ಮುಚ್ಚಿದರೆ ದಾರಿ ಕಂಡೀತು

ಅಮೆರಿಕದ ಉತ್ತರ ಮಿನ್ನೆಸೋಟದ ಚಳಿ ಚೌಕಾಸಿಗೆ ಬಗ್ಗುವಂಥದ್ದಲ್ಲ. ಅಲ್ಲಿನ ಟವರ್ ಎಂಬ ಊರಿನ ಹತ್ತಿರ 1996ರ ಫೆಬ್ರವರಿ 2ರಂದು ಉಷ್ಣಾಂಶ ಮೈನಸ್ 51 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಪಾದರಸವೇ ಹೆಪ್ಪುಗಟ್ಟುವ ಚಳಿ. ಆ ಸೀಮೆಯಲ್ಲಿ ಹಿಮದ ಮೇಲಿನ ಬೈಕಿನಂಥ ಸ್ನೋಮೊಬೈಲ್ ಏರಿ ಗಂಟೆಗೆ ನೂರು ಕಿ.ಮೀ. ಓಡುವ ವೀರನನ್ನು ಹಿಮ ತಡೆಯದು, ಕಾಡೂ ತಡೆಯದು. ತಡೆಯುವುದು ಅವನದೇ ಉಸಿರು.

ಮಾಸ್ಕಿನ ಮೇಲೆ ಕನ್ನಡಕ ಹಾಕಿಕೊಂಡು ಕೊರೋನಾ ಕಳೆದವರಿಗೆ ಇದರ ಮರ್ಮ ವಿವರಿಸಬೇಕಿಲ್ಲ. ಬಿಸಿ ಉಸಿರಿನ ತೇವ ತಣ್ಣನೆಯ ಗಾಜಿಗೆ ತಗುಲಿ ಹನಿಯಾಗುತ್ತದೆ. ಇಲ್ಲಿ ಹನಿ ಕೂತರೆ, ಅಲ್ಲಿ ಸವಾರನ ಗಾಗಲ್ಸಿನ ಮೇಲೆ ಮರುಕ್ಷಣವೇ ಮಂಜುಗಡ್ಡೆ; ದಾರಿಯೇ ಕಾಣದು. ಎದುರಿನ ಪೈನ್ ಮರ ಮಾತ್ರ ಇದ್ದಲ್ಲೇ ಇರುತ್ತದೆ.

ಇದಕ್ಕೊಂದು ಒಳ್ಳೆಯ ಮದ್ದು ಕಂಡುಹಿಡಿದವನು ಹಲ್ಲಿಗೆ ತಂತಿ ಕಟ್ಟುವ ವೈದ್ಯ. ಸ್ಕೀಯಿಂಗ್ ಹುಚ್ಚಿನ ಬಾಬ್ ಸ್ಮಿತ್ 1965ರಲ್ಲಿ ಗಾಗಲ್ಸಿನ ಎರಡು ಪದರದ ಗಾಜಿನ ನಡುವೆ ಗಾಳಿ ಮುಚ್ಚಿಟ್ಟು, ಅಂಚಿಗೆ ಗಾಳಿಯಾಡುವ ಫೋಮ್ ಕೂರಿಸಿದ. ದಿನವಿಡೀ ಜನರ ತೆರೆದ ಬಾಯಿಯೆದುರು ಕೂತವನಿಗೆ ಅಲ್ಲಿಂದ ಏನೇನು ಹೊರಬೀಳುತ್ತದೆಂದು ಗೊತ್ತಿರಬೇಕಲ್ಲ! ಒಳಗಾಜು ಹೊರಗಾಜಿನಷ್ಟು ತಣ್ಣಗಾಗದು. ಹಬೆ ಕೂರಲು ಹಿಂಜರಿಯುತ್ತದೆ. ನಿಜ ಹೇಳಬೇಕೆಂದರೆ, ಅರ್ಧ ಕೆಲಸ ಅಂದೇ ಮುಗಿದಿತ್ತು.

ಆದರೆ ಮುಗಿದ ಕೆಲಸದಿಂದ ಮಾರುಕಟ್ಟೆಗೇನು ಲಾಭ? ಹಬೆ ತಡೆಯುವ ಲೇಪನವೂ ಬಂತು. ಒದ್ದೆಯಿದ್ದಾಗ ಒಳಗಡೆ ಒರೆಸಬೇಡಿ, ಲೇಪನ ಕಿತ್ತುಹೋಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ನಮ್ಮ ವೀರ ಮೊದಲ ಹಬೆಗೇ ಗ್ಲೌಸಿನ ಹೆಬ್ಬೆರಳಿನಿಂದ ತಿಕ್ಕಿ, ಕೊಟ್ಟ ದುಡ್ಡನ್ನೂ ಜೊತೆಗೇ ಒರೆಸಿಹಾಕುತ್ತಾನೆ. ಆಮೇಲೆ ಬ್ಯಾಟರಿಯಿಂದ ಗಾಜು ಬಿಸಿಮಾಡುವ ಗಾಗಲ್ಸ್. ಮೂಗಿಗಿಂತ ಮೂಗುತಿ ಭಾರ! ಚಳಿಗೆ ಬ್ಯಾಟರಿಯೂ ಬೇಗ ಸೊರಗುವುದರಿಂದ ಅದನ್ನು ಜಾಕೀಟಿನೊಳಗೆ ಮಗುವಿನಂತೆ ಬೆಚ್ಚಗಿಡಬೇಕು. ಅಂದರೆ ಕಣ್ಣನ್ನು ಗಾಗಲ್ಸ್ ಕಾಯುತ್ತದೆ, ಗಾಗಲ್ಸನ್ನು ಬ್ಯಾಟರಿ ಕಾಯುತ್ತದೆ, ಬ್ಯಾಟರಿಯನ್ನು ಇವನು ಕಾಯುತ್ತಾನೆ.

ಇಷ್ಟೆಲ್ಲ ಹೊತ್ತು ಹೊರಟವನು ಕಾಫಿಗೆ ನಿಂತಾಗ ಮಾಡುವ ಮೊದಲ ಕೆಲಸ, ಗಾಗಲ್ಸನ್ನು ಹಣೆಗೇರಿಸುವುದು. ಫೋಟೋಗೆ ಚೆನ್ನ. ಬೆವರಿದ ಹಣೆಯಿಂದ ಹಬೆ ಏಳುತ್ತಿರುತ್ತದೆ. ಫೋಮ್ ಅದನ್ನು ಹೀರಿಕೊಂಡು ಸಿದ್ಧವಾಗಿ ಕೂರುತ್ತದೆ. ಮರಳಿ ಇಳಿಸಿಕೊಂಡ ಕೂಡಲೇ ಕತ್ತಲು. ಆಗ ಬೈಗುಳ ಕಂಪನಿಗೆ.

ಹೆಲ್ಮೆಟ್ಟಿನ ಜೊತೆ ಬಂದ, ಉಸಿರನ್ನು ಕೆಳಗೆ ತಿರುಗಿಸುವ ಪುಟ್ಟ ಮೂಗುಕಾಪು ಎಲ್ಲಿ? ಡಬ್ಬಿಯ ಜೊತೆ ಕಸಕ್ಕೆ ಹೋಯಿತು. ಅದಕ್ಕೆ ಬೇರೆ ಬೆಲೆ ಹಾಕಿರಲಿಲ್ಲ ನೋಡಿ, ಹಾಗಾಗಿ ಬೆಲೆಯೂ ಇರಲಿಲ್ಲ. ಗಾಗಲ್ಸಿನ ಮೇಲಿನ ಗಾಳಿಕಿಂಡಿಯೋ, ಚಳಿಯೆಂದು ಎಳೆದುಕೊಂಡ ಟೋಪಿಯಡಿ ಮುಚ್ಚಿಹೋಗಿದೆ.

ಈ ಗಾಗಲ್ಸಿಗೂ ಎಷ್ಟೋ ಮುಂಚೆ, ಉತ್ತರ ಧ್ರುವ ಸೀಮೆಯ ಇನ್ಯೂಯಿಟ್ ಜನ ಹಿಮದಿಂದ ಚಿಮ್ಮುವ ಬೆಳಕಿಗೆ ಕಣ್ಣು ಕುರುಡಾಗದಂತೆ ಕೊಂಬು, ಮೂಳೆ, ಮರದಲ್ಲಿ ಸಣ್ಣ ಸೀಳು ಬಿಟ್ಟು ಕಣ್ಗಾಪು ಮಾಡಿಕೊಂಡಿದ್ದರು. ಗಾಜೇ ಇಲ್ಲ; ಹಬೆ ಕೂರುವುದೆಲ್ಲಿ? ನೂರು ಕಿ.ಮೀ. ವೇಗಕ್ಕೆ ಅದು ಸಾಲದು, ಒಪ್ಪೋಣ. ಆದರೆ ಅದರಲ್ಲಿ ಪ್ರತಿ ವರ್ಷ ಹೊಸ ಮಾಡೆಲ್ ಬರಲಿಲ್ಲ ಎಂಬುದೇ ಅದರ ದೊಡ್ಡ ದೋಷವಿರಬೇಕು.

ಕೊಳ್ಳುವವರಿಗೆ ಬೇಕಾದ್ದಿಷ್ಟೇ: ಎರಡು ಪದರದ ಗಾಜು, ತೆರೆದ ಗಾಳಿಕಿಂಡಿ, ಹೆಲ್ಮೆಟ್ಟಿಗೆ ಸಂದಿಲ್ಲದೆ ಕೂರುವ ಚೌಕಟ್ಟು, ಆ ಮೂಗುಕಾಪು. ಉಳಿದದ್ದು ಉಸಿರನ್ನು ಕೆಳಕ್ಕೆ ಬಿಡುವ ಅಭ್ಯಾಸ, ಓಡಿಸುವಾಗ ಬಾಯಿ ಮುಚ್ಚಿಕೊಳ್ಳುವ ಸಂಯಮ. ಅಂಗಡಿಯವನು ಇದನ್ನು ಹೇಳುವುದಿಲ್ಲ. ಬಾಯಿ ಯಾವಾಗ ಮುಚ್ಚಿಕೊಳ್ಳಬೇಕೆಂದು ಅವನಿಗೆ ಚೆನ್ನಾಗಿ ಗೊತ್ತು.