ಡಿಬಿ ಪೆಟ್ಟಿಗೆಯ ಚಾಡಿಕೋರ

ಮನೆಯ ವಿದ್ಯುತ್ ರಕ್ಷಣೆಗೆ ಎಂಸಿಬಿ, ಜೊತೆಗೊಂದು ಆರ್‌ಸಿಸಿಬಿ ಇದ್ದರೆ ಸಾಕು. ಊರಿಗೆಲ್ಲ ನಾನೇ ಹೇಳುವ ಮಾತಿದು. ಆದರೆ ಮೂವತ್ತು ವರ್ಷ ಸಬ್‌ಸ್ಟೇಷನ್ನುಗಳಲ್ಲಿ ರಿಲೇ ಟೆಸ್ಟಿಂಗ್ ಮಾಡಿ ನಿವೃತ್ತನಾದವನ ಕೈ ಸುಮ್ಮನಿರುತ್ತದೆಯೇ? ಪರದೆಯಿರುವ ಪ್ರೊಟೆಕ್ಟರ್ ಒಂದನ್ನು ತಂದು ಡಿಬಿಯಲ್ಲಿ, ಅಂದರೆ ಮನೆಯ ವಿದ್ಯುತ್ ಹಂಚಿಕೆ ಪೆಟ್ಟಿಗೆಯಲ್ಲಿ, ಕೂರಿಸಿದೆ. ಲೋಡ್ 20 ಆಂಪಿಯರ್ ಮೀರಿದರೆ ಟ್ರಿಪ್ ಆಗುತ್ತದೆ. ಯಾಕೆ, ಯಾವಾಗ, ಎಷ್ಟು ಅಂತ ಲಾಗ್‌ನಲ್ಲಿ ಬರೆದೂ ಇಟ್ಟುಕೊಳ್ಳುತ್ತದೆ. ಆ ಗುಣಕ್ಕೆ ಮರುಳಾಗಿಯೇ ದುಡ್ಡು ಕೊಟ್ಟೆ.

ಅಲ್ಲಿಂದ ವಾರಕ್ಕೆರಡು ಸಲ, ಬೆಳಿಗ್ಗೆ ಏಳರ ಹೊತ್ತಿಗೆ, ಚಟ್ನಿ ಅರ್ಧ ಅರೆದಿರುವಾಗ ಮಿಕ್ಸಿ ನಿಲ್ಲತೊಡಗಿತು.

"ರೀ, ಕರೆಂಟ್ ಹೋಯ್ತು!"

"ಲೈನ್‌ಮನ್ ತೆಗೆದಿರಬೇಕು ಕಣೇ," ಎಂದು ಅನ್ನ ಕೊಟ್ಟ ಇಲಾಖೆಯ ಮೇಲೆ ಗೂಬೆ ಕೂರಿಸಿ, ಕಳ್ಳಹೆಜ್ಜೆಯಲ್ಲಿ ಹೋಗಿ ರಿಸೆಟ್ ಮಾಡುತ್ತಿದ್ದೆ. ನಿಜ ಸಂಗತಿ ಪರದೆಯ ಮೇಲಿತ್ತು. 2000 ವ್ಯಾಟಿನ ಗೀಸರ್‌ಗೆ ಸುಮಾರು 9 ಆಂಪಿಯರ್, ಇಂಡಕ್ಷನ್ ಒಲೆಗೆ ಮತ್ತೊಂದು 9. ಅದರ ಮೇಲೆ ನನ್ನ ಇಸ್ತ್ರಿಪೆಟ್ಟಿಗೆಯ 4. ಪಾರ್ಕಿನಲ್ಲಿ ಕೂತು ಬರುವವನಿಗೆ ಗರಿಗರಿ ಅಂಗಿ ಯಾಕೆ ಎಂದು ನೀವು ಕೇಳಬಾರದು.

ಭಾನುವಾರ ಮೊಮ್ಮಗ ಬರುವವನಿದ್ದ. ಗುಂಡಿ ಕಂಡರೆ ಒತ್ತಿ, ಕಂಡದ್ದನ್ನು ಗಟ್ಟಿಯಾಗಿ ಓದುವ ವಯಸ್ಸು. ಶನಿವಾರ ರಾತ್ರಿಯೇ ಲಾಗ್ ಅಳಿಸಿಬಿಡೋಣ ಎಂದುಕೊಂಡೆ.

ಟ್ರೈನಿಂಗಿನಲ್ಲಿ ಹುಡುಗರಿಗೆ ನಾನು ತಪ್ಪದೆ ಹೇಳುತ್ತಿದ್ದ ಕಥೆಯೊಂದಿದೆ. 2012ರ ಜುಲೈ 30ರ ನಸುಕಿನಲ್ಲಿ 400 ಕೆವಿ ಬೀನಾ–ಗ್ವಾಲಿಯರ್ ಲೈನ್ ಟ್ರಿಪ್ ಆಗಿ ಇಡೀ ಉತ್ತರ ಗ್ರಿಡ್ ಕುಸಿಯಿತು. ಲೈನಿನಲ್ಲಿ ಫಾಲ್ಟೇ ಇರಲಿಲ್ಲ. ವಿಪರೀತ ಲೋಡನ್ನೇ ಲೈನ್ ಕಾಯುವ ರಿಲೇ ಫಾಲ್ಟ್ ಎಂದುಕೊಂಡಿತ್ತು. ಇಂಥದ್ದೆಲ್ಲ ತಿಳಿಯುವುದು ಲಾಗ್ ಉಳಿದಿದ್ದರೆ ಮಾತ್ರ. "ಇಳಿಸಿಕೊಳ್ಳದೆ ಅಳಿಸುವವನು ಎಂಜಿನಿಯರ್ ಅಲ್ಲ, ಕಳ್ಳ," ಎಂದು ಮೇಜು ಗುದ್ದುತ್ತಿದ್ದೆ.

ಆ ಮೇಜು ಗುದ್ದಿದವನು ಬನಿಯನ್, ಪಂಚೆಯಲ್ಲಿ ಸ್ಟೂಲ್ ಹತ್ತಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಪಾಸ್‌ವರ್ಡ್ ಒತ್ತಿದೆ. ಎಲ್ಲ ಅಳಿಸಲೇ ಎಂದು ಕೇಳಿತು. ಹೂಂ ಎಂದೆ. ಹದಿನಾಲ್ಕು ಪಾಪಗಳು ಒಂದೇ ಏಟಿಗೆ ಸೊನ್ನೆಯಾದವು. ಗಂಗಾಸ್ನಾನದಲ್ಲೂ ಅಷ್ಟು ಹಗುರಾಗಿರಲಿಕ್ಕಿಲ್ಲ.

ಬೆಳಿಗ್ಗೆ ಎದ್ದು ಬಂದರೆ, ಕನ್ನಡಕ ಏರಿಸಿಕೊಂಡು ಹೆಂಡತಿ ಡಿಬಿಯ ಮುಂದೆ ನಿಂತಿದ್ದಾಳೆ, ಪಕ್ಕದಲ್ಲಿ ಮೊಮ್ಮಗ. ಪರದೆಯಲ್ಲಿ ಒಂದೇ ಸಾಲು: ಲಾಗ್ ಅಳಿಸಲಾಗಿದೆ, ರಾತ್ರಿ 11.47.

ಅಳಿಸಿದ್ದನ್ನೂ ಒಂದು ಘಟನೆಯೆಂದೇ ಬರೆದಿಡುವ ರಿಲೇ ಒಳ್ಳೆಯ ರಿಲೇ. ಇದೂ ನನ್ನದೇ ಪಾಠ.

"ಅದರ ಗಡಿಯಾರ ಸರಿಯಿಲ್ಲ," ಎಂದೆ.

"ನೀವೇ ಅಲ್ವೇನ್ರೀ ಹೋದ ವಾರ ಫೋನ್ ನೋಡಿ ಸೆಟ್ ಮಾಡಿದ್ದು?" ಎಂದಳು ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ತಾಳೆ ನೋಡಿದವಳು. "ನಮ್ಮಲ್ಲಿ ವೋಚರ್ ಕಾಣೆಯಾದ್ರೆ ಮೊದಲು ಕೇಳ್ತಿದ್ದದ್ದು, ಕೊನೇಲಿ ಸ್ಟೂಲ್ ಹತ್ತಿದೋರು ಯಾರು ಅಂತ."

ಸ್ಟೂಲ್ ಇನ್ನೂ ಅಲ್ಲೇ ಇತ್ತು.

ಈಗ ಪಾಸ್‌ವರ್ಡ್ ಅವಳ ಹತ್ತಿರ ಇದೆ. ನನ್ನ ಇಸ್ತ್ರಿಯ ಸಮಯ ಮಧ್ಯಾಹ್ನ ಮೂರರಿಂದ ಮೂರೂವರೆ.