ಧರ್ಮರಾಯನ ಗಂಟಲು

ಹಿಂದೂಪುರದಲ್ಲಿ ಪೌರಾಣಿಕ ನಾಟಕ ಆಡುವುದೆಂದರೆ ತಿರುಪತಿಯಲ್ಲಿ ಲಡ್ಡು ಅಂಗಡಿ ಇಟ್ಟ ಹಾಗೆ. ಈ ಊರಿನವರು 1985, 1989, 1994 ಹೀಗೆ ಮೂರು ಚುನಾವಣೆಗಳಲ್ಲಿ ಎನ್.ಟಿ. ರಾಮರಾಯರನ್ನೇ ಶಾಸಕರನ್ನಾಗಿ ಆರಿಸಿದವರು. ಆ ಮಹಾನುಭಾವರೋ 1977ರ ‘ದಾನ ವೀರ ಶೂರ ಕರ್ಣ’ ಚಿತ್ರದಲ್ಲಿ ಕರ್ಣ, ದುರ್ಯೋಧನ, ಕೃಷ್ಣ ಮೂವರೂ ತಾವೇ ಆಗಿ, ಸಾಲದೆಂದು ನಿರ್ದೇಶನವನ್ನೂ ಮಾಡಿದವರು. ಹಾಗಾಗಿ ದುರ್ಯೋಧನ ಯಾವ ಮಾತಿಗೆ ಮೀಸೆ ತಿರುವಬೇಕು, ಯಾವ ಮಾತಿಗೆ ತೊಡೆ ತಟ್ಟಬೇಕು ಎಂಬುದು ಇಲ್ಲಿನ ಬೆಲ್ಲದ ಮಂಡಿಯ ಹಮಾಲಿಗೂ ಬಾಯಿಪಾಠ. ಅದೇ ಮಂಡಿಯಲ್ಲಿ ಲೆಕ್ಕ ಬರೆಯುವ ನನಗೆ ಗೊತ್ತಿರಲಿಲ್ಲ. ನಟರಿಗೆ ತರಬೇತಿ ಕೊಡುವ ಧೈರ್ಯ ಬಂದದ್ದು ಬಹುಶಃ ಅದರಿಂದಲೇ.

ನನ್ನ ಹತ್ತಿರ ಒಂದು ಸರ್ಟಿಫಿಕೇಟು ಇತ್ತು. ಬೆಂಗಳೂರಿನ ಯಾವುದೋ ಬೇಸಿಗೆ ರಂಗಶಿಬಿರದ್ದು. ಕಟ್ಟು ಹಾಕಿಸಿ ಮಂಡಿಯಲ್ಲಿ ತಕ್ಕಡಿಯ ಮೇಲುಗಡೆ ತೂಗುಹಾಕಿದ್ದೆ. ಕಲ್ಯಾಣದುರ್ಗದ ಕಡೆಯ ಹಳ್ಳಿಯೊಂದರ ಯಜಮಾನರು ಬೆಲ್ಲ ಕೊಳ್ಳಲು ಬಂದವರು ಅದನ್ನು ನೋಡಿದರು. ಅವರ ಊರಿನ ಹುಡುಗರು ‘ಕುರುಕ್ಷೇತ್ರ’ ಕಲಿಯುತ್ತಿದ್ದರಂತೆ. ಈ ಸಲ ಹಿಂದೂಪುರದಲ್ಲಿ ಆಡಲು ಒಪ್ಪಿಕೊಂಡಿದ್ದಾರೆ. “ಹಾರ್ಮೋನಿಯಂ ಮೇಷ್ಟ್ರು ಅವ್ರೆ ಸಾ. ಆದ್ರೆ ಟೌನಿನ ಜನಕ್ಕೆ ಒಸಿ ಟೌನಿನ ನಾಜೂಕು ಬೇಕಲ್ವ?” ಎಂದರು. ನಾಜೂಕು ಕೊಡಲು ನಾನು ಹೊರಟೆ. ಪಾವಗಡದ ಮೇಲೆ ಹೋದರೆ ಆಂಧ್ರದಿಂದ ಆಂಧ್ರಕ್ಕೆ ಹೋಗಲು ಕರ್ನಾಟಕ ದಾಟಬೇಕು. ಕಂಡಕ್ಟರಿಗೂ ಸರ್ಟಿಫಿಕೇಟು ತೋರಿಸಿದೆ. ಟಿಕೆಟ್ ದರ ಇಳಿಯಲಿಲ್ಲ.

ಮೊದಲ ಪಾಠ ಧ್ವನಿ. ಗುಡಿಯ ಮುಂದಿನ ಕಣದಲ್ಲಿ ಪಾಂಡವರು ಕೌರವರೆಲ್ಲರನ್ನೂ ಅಂಗಾತ ಮಲಗಿಸಿ, ಹೊಟ್ಟೆಯಿಂದ ಉಸಿರು ತೆಗೆದುಕೊಳ್ಳಿ, ಬಾಯಿ ಮುಚ್ಚಿ ‘ಮ್’ ಅನ್ನಿ ಎಂದೆ. ಹಗಲೆಲ್ಲ ಹೊಲದಲ್ಲಿ ಕಲ್ಲು ಆಯ್ದು ಬಂದ ಮೈಗಳು. ಕ್ಷಣದಲ್ಲಿ ‘ಮ್’ ನಿಂತು ಗೊರಕೆ ಶುರುವಾಯಿತು. ಹಾರ್ಮೋನಿಯಂ ಮೇಷ್ಟ್ರು ಎಲೆಅಡಿಕೆ ದವಡೆಗೆ ಸರಿಸಿ, ತಿದಿ ಒತ್ತಿ, ಒಂದೊಂದೇ ಮನೆ ಹುಡುಕಿ ಭೀಮನ ಗೊರಕೆಗೆ ಶ್ರುತಿ ಹಿಡಿದರು. “ಕಪ್ಪು ಎರಡು. ಅಪಸ್ವರ ಇಲ್ಲ ಸ್ವಾಮಿ, ನಿಮ್ಮ ಪಾಠ ಚೆನ್ನಾಗೈತೆ.”

ಎದ್ದು ಕೂತವರಿಗೆ, ಧ್ವನಿ ಕೊನೆಯ ಸಾಲಿಗೆ ಮುಟ್ಟುವುದು ಹೇಗೆಂದು ತೋರಿಸಲು ನಾನೇ ಹೊಟ್ಟೆಯಿಂದ ಕೂಗಿದೆ. ಕಣದ ಅಂಚಿನಲ್ಲಿದ್ದ ನಾಯಿ ತಲೆ ಎತ್ತಿ, ತನಗಲ್ಲವೆಂದು ಮತ್ತೆ ಮಲಗಿತು. ಅರ್ಜುನನ ಪಾರ್ಟಿನವನು ಕುರಿ ಕಾಯುವವನು. “ಹಿಂಗಾ ಸಾ?” ಎಂದು ನಾಲಿಗೆ ಮಡಚಿ ಒಂದು ಕೂಗು ಹಾಕಿದ. ಗುಡ್ಡದ ಬುಡದಲ್ಲಿದ್ದ ಅವನ ಮಂದೆ ಇಡಿಯಾಗಿ ತಿರುಗಿ ನಮ್ಮ ಕಡೆ ಬರತೊಡಗಿತು. ಅವು ಬಂದು ಸೇರುವಷ್ಟರಲ್ಲಿ ನಾನು ಧ್ವನಿಯ ಪಾಠ ಮುಗಿಯಿತೆಂದು ಘೋಷಿಸಿದ್ದೆ.

ಮುಂದಿನದು ಪದ್ಯ. ಶಿಬಿರದಲ್ಲಿ ನಮಗೆ ಹೇಳಿಕೊಟ್ಟದ್ದು, ಪದ್ಯವನ್ನು ಅರ್ಥಕ್ಕೆ ತಕ್ಕಂತೆ ಒಡೆದು ಮಾತಿನ ಹಾಗೆ ಹೇಳಬೇಕು, ರಾಗ ಎಳೆಯಬಾರದು ಎಂದು. ಈ ಜಗಳ ನಮ್ಮ ಸೀಮೆಗೆ ಹೊಸದಲ್ಲ. ತೆಲುಗು ನಾಟಕಕ್ಕೆ ಪದ್ಯ, ಹಾಡುಗಳ ರುಚಿ ಹತ್ತಿಸಿದವರಲ್ಲಿ ಮೊದಲಿಗರು ಬಳ್ಳಾರಿಯಲ್ಲಿ ವಕೀಲರಾಗಿದ್ದ ಧರ್ಮಾವರಂ ರಾಮಕೃಷ್ಣಮಾಚಾರ್ಯರು. ಅದು ಅತಿಯಾಯಿತು, ನಟನಿಗೆ ಮಾತು ಮುಖ್ಯ ಎಂದು ಹಟ ಹಿಡಿದವರು ತಾಡಪತ್ರಿಯಲ್ಲಿ 1880ರಲ್ಲಿ ಹುಟ್ಟಿದ ಬಳ್ಳಾರಿ ರಾಘವ. ಅವರೂ ವಕೀಲರೇ, ಸಾಲದ್ದಕ್ಕೆ ಆಚಾರ್ಯರ ಸೋದರಳಿಯ! ಸೋದರಮಾವ ಹಚ್ಚಿದ್ದನ್ನು ಅಳಿಯ ಬಿಡಿಸಲು ನೋಡಿದರು. ಬಿಡಲಿಲ್ಲ. ರಾಘವರಿಂದ ಆಗದ್ದನ್ನು ಮಂಡಿ ಗುಮಾಸ್ತ ಮಾಡಿ ತೋರಿಸುತ್ತೇನೆಂದು ಮತ್ತೇಭವಿಕ್ರೀಡಿತ ಒಂದನ್ನು ಕೈಗೆತ್ತಿಕೊಂಡೆ. ಪಾದಕ್ಕೆ 20 ಅಕ್ಷರ, ಅಂಥ ನಾಲ್ಕು ಪಾದ. ಎರಡನೆಯ ಪಾದದ ನಡುವೆ, ಒಂದು ಸಮಾಸದ ಹೊಟ್ಟೆ ಸೀಳಿ ಉಸಿರು ತೆಗೆದುಕೊಂಡೆ. ಮೇಷ್ಟ್ರು ಕಣ್ಣು ಮುಚ್ಚಿದರು. ಆಮೇಲೆ, ಮುಂದಿನ ನಾಲ್ಕು ಹಲ್ಲಿಲ್ಲದ ಬಾಯಲ್ಲಿ ಅದೇ ಪದ್ಯವನ್ನು ಬಿಳಿ ನಾಲ್ಕರಲ್ಲಿ ಎತ್ತಿ, ಪಾದಕ್ಕೊಂದೇ ಉಸಿರಿನಲ್ಲಿ ಇಳಿಸಿ, ಕೊನೆಗೆ ಮೋಹನದ ಒಂದು ಸುತ್ತು ಸುತ್ತಿ, “ಅರ್ಥ ನಿಮ್ಮತ್ರಾನೇ ಇರ್ಲಿ ಸ್ವಾಮಿ, ಕೆಡಾಕಿಲ್ಲ” ಎಂದರು.

ಇನ್ನು ಇಂಪ್ರೊವೈಸೇಶನ್ನು. ಬರೆದ ಮಾತಿಲ್ಲದೆ, ಸಂದರ್ಭ ಕೊಟ್ಟರೆ ಸ್ಥಳದಲ್ಲೇ ಕಟ್ಟಿ ಆಡುವುದು. ಧೃತರಾಷ್ಟ್ರ, ವಿದುರ ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ನೀವಿಬ್ಬರೂ ಒಂದೇ ವಸ್ತುವಿಗೆ ಜಗಳ ಆಡಬೇಕು ಎಂದೆ. ಅವರಿಬ್ಬರೂ ಭಾವ-ಭಾಮೈದರು, ಹೊಲಗಳು ಅಕ್ಕಪಕ್ಕ, ನಡುವೆ ಒಂದು ಬೋರ್‌ವೆಲ್ ಎಂದು ನನಗೆ ಯಾರೂ ಹೇಳಿರಲಿಲ್ಲ. ನಿಧಾನಕ್ಕೆ ಶುರು ಮಾಡಿದರು. ಅಭಿನಯ ಅಂದರೆ ಇದು ಎಂದು ಮಿಕ್ಕವರಿಗೆ ಪಿಸುಮಾತಿನಲ್ಲಿ ವಿವರಿಸುತ್ತಿದ್ದೆ. ಹುಟ್ಟುಕುರುಡ ಧೃತರಾಷ್ಟ್ರ ಕಲ್ಲು ಹುಡುಕಿದಾಗಲೂ ಚಪ್ಪಾಳೆ ತಟ್ಟಿದೆ. ಯಜಮಾನರು ಓಡಿಬಂದು ಬಿಡಿಸಿದರು. ಮೋಟಾರು ಯಾರ ಸರದಿಯಲ್ಲಿ ಸುಟ್ಟಿತು ಎಂಬ ಪಂಚಾಯಿತಿ ನಡುರಾತ್ರಿವರೆಗೆ ನಡೆಯಿತು. ಅದರಲ್ಲಿ ನಾನು ಸಾಕ್ಷಿ.

ಕಾಲಕ್ಕೆ ತಕ್ಕ ವೇಷಭೂಷಣದ ಪಾಠ ನಿಂತಲ್ಲೇ ಮುಗಿಯಿತು. ದ್ವಾಪರಯುಗದಲ್ಲಿ ಮಖಮಲ್ಲು, ಚಮಕಿ ಇರಲಿಲ್ಲ, ಹತ್ತಿ ಪಂಚೆ ಸಾಕು, ಕಿರೀಟವೂ ಬೇಡ ಎಂದೆ. ನಮ್ಮ ಕಡೆ ಪಾರ್ಟು ಕಟ್ಟುವವನು ದುಡ್ಡು ಕೊಟ್ಟು ಕಟ್ಟಬೇಕು. ದುರ್ಯೋಧನನಿಗೆ ಎಲ್ಲರಿಗಿಂತ ಹೆಚ್ಚು. “ಕಿರೀಟಕ್ಕೇ ದುಡ್ಡು ಕೊಟ್ಟಿರೋದು ಸಾ” ಎಂದ ದುರ್ಯೋಧನ. ಗದೆ ಅವನ ಕೈಯಲ್ಲೇ ಇತ್ತು.

ನಾಟಕದ ಹಿಂದಿನ ದಿನ ಕಲ್ಯಾಣದುರ್ಗದ ಕಡೆ ಒಳ್ಳೆಯ ಮಳೆ ಬಿತ್ತು. ಆ ಸೀಮೆಯಲ್ಲಿ ಮಳೆಯಾದರೆ ಕಡಲೆಕಾಯಿ ಬಿತ್ತನೆ ಯಾರಿಗೂ ಕಾಯುವುದಿಲ್ಲ, ಕೃಷ್ಣನಿಗೂ. ಮುಖಕ್ಕೆ ಅರದಾಳ ಹಚ್ಚುವ ಹೊತ್ತಿಗೆ ಹಿಂದೂಪುರಕ್ಕೆ ಸುದ್ದಿ ಬಂತು: “ಹದ ಆಗೈತೆ, ಧರ್ಮರಾಯ ಬರಾಕಿಲ್ಲ.” ಎಲ್ಲರೂ ನನ್ನ ಕಡೆ ನೋಡಿದರು. ಮಾತೆಲ್ಲ ಗೊತ್ತಿದ್ದವನು, ಬಿತ್ತಲು ಹೊಲ ಇಲ್ಲದವನು ನಾನೊಬ್ಬನೇ. ಕಿರೀಟ ತಂದು ಇಟ್ಟರು. ದ್ವಾಪರಯುಗದ ಹತ್ತಿ ಪಂಚೆಯ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಮಕಿ ನನಗೆ ಒಪ್ಪುತ್ತಿತ್ತು.

ಪರದೆ ಎದ್ದಿತು. ಮೇಷ್ಟ್ರು ಅಭ್ಯಾಸಬಲದಿಂದ ಬಿಳಿ ನಾಲ್ಕು ಒತ್ತಿದರು. ಪದ್ಯದ ಮೊದಲ ಅಕ್ಷರ ಮೇಲಕ್ಕೆ ಹೋಯಿತು, ಎರಡನೆಯದು ಅಲ್ಲೇ ಮುರಿಯಿತು, ಮೂರನೆಯದರಿಂದ ಬರೀ ಗಾಳಿ. ಮುಂದೆ ಕೂತಿದ್ದ ನಮ್ಮ ಮಂಡಿಯ ಹಮಾಲಿಗಳು “ಒನ್ಸ್ ಮೋರ್” ಎಂದು ಶಿಳ್ಳೆ ಹೊಡೆದರು. ಅಷ್ಟರಲ್ಲಿ ಭೀಮ ಗದೆ ಕೆಳಗಿಟ್ಟು, ನನ್ನ ಭುಜ ಹಿಡಿದು ಸಿಂಹಾಸನದಲ್ಲಿ ಕೂರಿಸಿದ. “ಅಣ್ಣಯ್ಯ, ಹನ್ನೆರಡು ವರ್ಷ ಕಾಡಿನ ನೀರು ಕುಡಿದು ನಿನ್ನ ಗಂಟಲು ಹೀಗಾಯಿತು. ಇದಕ್ಕೂ ಆ ದುರ್ಯೋಧನನೇ ಉತ್ತರ ಹೇಳಬೇಕು!” ಜನ ಎದ್ದು ಚಪ್ಪಾಳೆ ಹೊಡೆದರು. ಪದ್ಯವನ್ನು ಅರ್ಜುನ ಎತ್ತಿಕೊಂಡ. ಧರ್ಮರಾಯನ ಮೌನವೇ ಧರ್ಮ ಎಂದು ಕೃಷ್ಣ ಅಪ್ಪಣೆ ಕೊಡಿಸಿದ. ಇಂಪ್ರೊವೈಸೇಶನ್ ಎಂಬ ಮಾತು ಇವರಿಗೆ ನನ್ನಿಂದ ಸಿಕ್ಕಿದ್ದು ಎಂದು ಸಮಾಧಾನ ಮಾಡಿಕೊಳ್ಳುತ್ತ ನಡುರಾತ್ರಿ ದಾಟುವವರೆಗೆ ಕೂತೆ.

ಆದರೆ ಒಂದು ಮಾತನ್ನು ಧರ್ಮರಾಯನೇ ಹೇಳಬೇಕಲ್ಲ. ಸತ್ತದ್ದು ಅಶ್ವತ್ಥಾಮ ಎಂದು ಗಟ್ಟಿಯಾಗಿ, ಆನೆ ಎಂದು ಮೆಲ್ಲಗೆ. ಆ ಮೆಲ್ಲನೆಯ ಮಾತು ಕೇಳದಂತೆ ಸೈಡ್‌ವಿಂಗಿನಿಂದ ಶಂಖ. ದ್ರೋಣ ಬಿಲ್ಲು ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತ. “ಅಶ್ವತ್ಥಾಮ” ಎಂದು ಬಾಯಿ ತೆರೆದೆ, ಧ್ವನಿ ಹೊರಡಲಿಲ್ಲ. ತುಟಿ ಆಡಿದ್ದನ್ನೇ ಗುರುತು ಹಿಡಿದು ಶಂಖದವನು ಊದಿದ, ಊದಿ ಮುಗಿಸಿ ಕೆಳಗಿಟ್ಟ. ನಾನು ಅಷ್ಟು ಹೊತ್ತೂ ಹೊಟ್ಟೆಯಲ್ಲಿ ಉಸಿರು ತುಂಬುತ್ತಿದ್ದೆ. ಶಿಬಿರದ ವಿದ್ಯೆ ಫಲ ಕೊಟ್ಟಿತು. ಸೂಜಿ ಬಿದ್ದರೂ ಕೇಳುವ ಆ ಮೌನದಲ್ಲಿ, ಕೊನೆಯ ಸಾಲಿನ ಆಚೆಯ ಟೀ ಅಂಗಡಿಗೂ ಮುಟ್ಟುವಂತೆ ಹೊರಬಂತು: “ಆನೆ!”

ದ್ರೋಣ ಬಿಲ್ಲು ಕೆಳಗಿಡಲಿಲ್ಲ. ಸತ್ತದ್ದು ಮಗನಲ್ಲವೆಂದು ಗೊತ್ತಾದ ಮೇಲೆ ಯಾಕೆ ಇಡುತ್ತಾನೆ? ನನ್ನನ್ನು ನೋಡಿದ, ಮೇಷ್ಟ್ರನ್ನು ನೋಡಿದ, ಬೆಳಗಾಗುವುದರೊಳಗೆ ಮುಗಿಸಬೇಕಾದ ಯುದ್ಧವನ್ನು ನೆನೆದ. “ಧರ್ಮಜಾ, ಇಷ್ಟು ಕಷ್ಟಪಟ್ಟು ಹೇಳುತ್ತಿದ್ದೀಯಲ್ಲ ಕಂದಾ, ನಿನಗೋಸ್ಕರ ಸಾಯುತ್ತೇನೆ” ಎಂದು ಬಿಲ್ಲು ಇಟ್ಟು ಕಣ್ಣು ಮುಚ್ಚಿದ.

ಮಾರನೆಯ ವಾರ ಯಜಮಾನರು ಮಂಡಿಗೆ ಬಂದರು. ಸಂಭಾವನೆ ಇರಬೇಕೆಂದು ಎದ್ದು ನಿಂತೆ. ಅವರು ಚೀಟಿ ಕೊಟ್ಟರು: ಧರ್ಮರಾಯನ ಪಾರ್ಟಿನ ದುಡ್ಡು, ಕಿರೀಟದ ಬಾಡಿಗೆ, ತರಬೇತಿ ಬಾಬ್ತು ವಜಾ. “ಯಾರು ಪಾರ್ಟು ಕಟ್ತಾರೋ ಅವರೇ ಅಲ್ವ ಸಾ ಕೊಡೋದು?” ನಾನು ಲೆಕ್ಕದವನು, ಚೀಟಿಯನ್ನು ಕೆಳಗಿನಿಂದ ಮೇಲಕ್ಕೂ ಕೂಡಿ ನೋಡಿದೆ. ಬಾಕಿ ನನ್ನದೇ. ಶಂಖದವನಿಗೆ ಟೀ ಎಂದು ಕೊನೆಯಲ್ಲಿ ಬೇರೆ ಬರೆದಿದ್ದರು. ಅದೊಂದಕ್ಕೆ ತಕರಾರು ಮಾಡಿದೆ.